ಬೆಲ್ಟ್ ಒಂದೇ ಸಾಕು ಎಂದವನ ಘಾಟಿ ಪ್ರಯಾಣ

ಬಕ್ರೀದ್‌ಗೆ ಎರಡು ದಿನ ಇರುವಾಗ ನಾವು ರಾಮಮೂರ್ತಿ ನಗರದಿಂದ ಊರಿಗೆ ಹೊರಟೆವು. ರಾತ್ರಿ ಎಂಟೂವರೆ. ಗಾಡಿ ತಮ್ಮನದ್ದು, ಏಳು ಸೀಟಿನ ಹಳೆಯ ಡೀಸೆಲ್ ಗಾಡಿ. ಬೇಕರಿಯಲ್ಲಿ ಹಬ್ಬದ ವ್ಯಾಪಾರ ಇದ್ದುದರಿಂದ ಅವನು ಮರುದಿನ ಬಸ್ಸಿನಲ್ಲಿ ಬರುವುದು, ಗಾಡಿ ನಾನು ಬಿಡುವುದು ಎಂದು ಮಾತಾಗಿತ್ತು. ಹಿಂದಿನ ಸೀಟಿನಲ್ಲಿ ಉಮ್ಮ, ನನ್ನ ಮನೆಯವಳು, ತಮ್ಮನ ಹೆಂಡತಿ, ಅವಳ ಏಳು ತಿಂಗಳ ಮಗು. ಕೊನೆಯ ಸೀಟಿನಲ್ಲಿ ನನ್ನ ಇಬ್ಬರು ಮಕ್ಕಳು ಮತ್ತು ಬ್ಯಾಗುಗಳ ರಾಶಿ. ಉಮ್ಮನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಉಂಟು. ಇನ್ಸುಲಿನ್ ಐಸ್ ಹಾಕಿದ ಫ್ಲಾಸ್ಕಿನಲ್ಲಿ ಅವರ ಮಡಿಲಲ್ಲೇ ಇತ್ತು.

ಹಾಸನ ದಾಟುವಾಗ ಮಳೆ ಶುರುವಾಯಿತು. ಸಕಲೇಶಪುರದಲ್ಲಿ ಚಹಾ ಕುಡಿದೆವು. ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ಲೈಟ್ ಹೊತ್ತಿಕೊಂಡಿತು. ಬಾನೆಟ್ ಒಳಗೆ ಯಾರೋ ಚಪ್ಪಲಿಯಿಂದ ಬಾರಿಸಿದ ಹಾಗೆ ನಾಲ್ಕೈದು ಸಲ ಪಟಪಟ ಸದ್ದು. ಮುಂದಿನ ತಿರುವಿಗೆ ಸ್ಟೇರಿಂಗ್ ತಿರುಗಿಸಲು ನೋಡಿದರೆ ಕಲ್ಲಿನ ಹಾಗೆ ನಿಂತಿದೆ. ಎರಡೂ ಕೈಯಲ್ಲಿ ಎಳೆದು ಹೇಗೋ ತಿರುಗಿಸಿದೆ. ರಬ್ಬರ್ ಸುಟ್ಟ ವಾಸನೆ. ಎ.ಸಿ. ನಿಂತಿತು, ಗಾಜಿನ ಮೇಲೆ ಮಂಜು ಕಟ್ಟಿತು. ರಸ್ತೆ ಸ್ವಲ್ಪ ಅಗಲ ಇದ್ದ ಕಡೆ ಬದಿಗೆ ಹಾಕಿ ನಿಲ್ಲಿಸುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಏರತೊಡಗಿತ್ತು.

ಸಮಯ ಎರಡು ಗಂಟೆ. ಫೋನಿಗೆ ನೆಟ್‌ವರ್ಕ್ ಇಲ್ಲ. ಘಾಟಿಯ ಆ ಭಾಗದಲ್ಲಿ ಆನೆ ಓಡಾಡುವ ಸುದ್ದಿ ನಾವೆಲ್ಲ ಓದುವುದೇ. ಮಗು ಅಳುತ್ತಿತ್ತು. ಆಗ ನನ್ನ ತಲೆಗೆ ಬಂದ ಉಪಾಯವನ್ನು ಈಗ ನೆನೆದರೂ ಮೈ ನಡುಗುತ್ತದೆ. ಹೇಗೂ ಇಳಿಜಾರು ತಾನೇ, ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಗುಂಡ್ಯದ ತನಕ ಇಳಿಸಿಬಿಡುವ ಎಂದುಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಬಂದ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ಬಂದು ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದರು. "ಬೆಲ್ಟ್ ಹೋದದ್ದು ಉಸ್ತಾದರೇ. ಇನ್ನು ಸ್ಟಾರ್ಟ್ ಮಾಡ್ಲೇಬೇಡಿ, ಎಂಜಿನ್ ಸುಟ್ಟು ಹೋಗ್ತದೆ. ನ್ಯೂಟ್ರಲ್‌ನಲ್ಲಿ ಇಳಿಸುವ ಮಾತಂತೂ ಬೇಡ ಮಾರಾಯ್ರೆ, ಎರಡು ಸಲ ಒತ್ತಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ" ಅಂದರು. ಉಪ್ಪಿನಂಗಡಿಯಲ್ಲಿರುವ ನನ್ನ ಭಾವನ ನಂಬರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರು. ಗುಂಡ್ಯದಲ್ಲಿ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಫೋನ್ ಮಾಡಿದ್ದಾರೆ. ಭಾವ ಬಂದು ಮುಟ್ಟುವಾಗ ನಾಲ್ಕು ಗಂಟೆಯಾಗಿತ್ತು. ಆ ಡ್ರೈವರಿನ ಹೆಸರನ್ನು ಕೂಡ ನಾನು ಕೇಳಿರಲಿಲ್ಲ.

ಆ ಎರಡು ಗಂಟೆ ಉಮ್ಮ ಒಂದು ಮಾತೂ ಆಡಲಿಲ್ಲ, ತಸ್ಬೀಹ್ ಮಣಿ ಎಣಿಸುತ್ತಾ ಕುಳಿತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಯಾಕೆಂದರೆ ತಪ್ಪು ಯಾರದ್ದು ಎಂದು ನನಗೆ ಗೊತ್ತಿತ್ತು.

ಅದಕ್ಕೆ ಮೂರು ತಿಂಗಳ ಹಿಂದೆ ಇದೇ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕಿರ್ರೆಂದು ಕಿರುಚುತ್ತಿತ್ತು. ನಮ್ಮ ಬೀದಿಯ ಹಿಂದಿನ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು, ದಖನಿ ಮಾತಾಡುವವರು, ನನ್ನನ್ನು ಹಜ್ರತ್ ಎಂದು ಕರೆಯುತ್ತಾರೆ. ಕಿವಿಗೊಟ್ಟು ಕೇಳಿ, "ಹಜ್ರತ್, ಬೆಲ್ಟ್ ಒಂದೇ ಹಾಕಿದ್ರೆ ಪ್ರಯೋಜ್ನ ಇಲ್ಲ. ಐಡ್ಲರ್ ಸೌಂಡ್ ಬರ್ತಿದೆ, ಟೆನ್ಷನರ್ ಕೂಡ ಲೂಸಾಗಿದೆ. ಸೆಟ್ ಹಾಕ್ಬಿಡಿ" ಅಂದರು. ಬೆಲ್ಟಿಗೆ 1,100 ರೂಪಾಯಿ, ಉಳಿದದ್ದಕ್ಕೆ ಮತ್ತೆ 5,800. ನನ್ನ ಮನಸ್ಸು ಕೂಡಲೇ ಸಂಶಯಪಟ್ಟಿತು. ಗ್ಯಾರೇಜಿನವರು ಎಂದರೆ ಬಿಲ್ ಏರಿಸುವವರು ಎಂದು ನಾವು ಮೊದಲೇ ತೀರ್ಮಾನ ಮಾಡಿ ಹೋಗುತ್ತೇವಲ್ಲ, ಹಾಗೆ. "ಬೆಲ್ಟ್ ಒಂದೇ ಸಾಕು" ಅಂದೆ. ಅವರು ಎರಡನೇ ಸಲ ಹೇಳಿದರು. ನಾನು ಎರಡನೇ ಸಲವೂ ಬೇಡವೆಂದೆ. ಹೊಸ ಬೆಲ್ಟ್ ಬಿದ್ದ ಮೇಲೆ ಕಿರುಚಾಟ ನಿಂತಿತು. ನೋಡಿದಿರಾ, 5,800 ಉಳಿಸಿದೆ ಎಂದು ಮನೆಯಲ್ಲಿ ಹೇಳಿಕೊಂಡೆ.

ಘಾಟಿಯಿಂದ ಗಾಡಿಯನ್ನು ಉಪ್ಪಿನಂಗಡಿಗೆ ತರಲು ರಿಕವರಿ ವಾಹನಕ್ಕೇ 7,000 ಹೋಯಿತು. ಅಲ್ಲಿನ ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ಐಡ್ಲರಿನ ಬೇರಿಂಗ್ ಜಾಮ್ ಆಗಿ ಅದು ತಿರುಗುವುದನ್ನೇ ಬಿಟ್ಟಿತ್ತು. ನಿಂತ ಚಕ್ರದ ಮೇಲೆ ಓಡಿ ಓಡಿ ಮೂರೇ ತಿಂಗಳ ಹೊಸ ಬೆಲ್ಟ್ ಕರಗಿ ಹರಿದಿತ್ತು. ಹಬ್ಬದ ಸಮಯ, ಬೇಕಾದ ಅಳತೆಯ ಬೆಲ್ಟ್ ಸಿಗಲಿಲ್ಲ. ಹತ್ತು ಮಿಲಿಮೀಟರ್ ಉದ್ದದ್ದನ್ನು ಹಾಕಿ, ಐಡ್ಲರ್ ಒಂದನ್ನು ಬದಲಿಸಿ, "ಬೆಂಗಳೂರಿಗೆ ಮುಟ್ಟಿದ ಮೇಲೆ ಸರಿಯಾದ್ದು ಹಾಕಿಸಿ, ಟೆನ್ಷನರ್ ಸಹ ನೋಡಿಸಿ" ಎಂದು ಕಳುಹಿಸಿದರು.

ಒಂದು ಬೆಲ್ಟ್, ಐದು ಕೆಲಸ

ಹಿಂತಿರುಗಿದ ಮೇಲೆ ಅದೇ ಮೆಕ್ಯಾನಿಕ್ ಹತ್ತಿರ ಹೋದೆ. ಹೋಗಲು ನಾಚಿಕೆಯಾಗಿತ್ತು. ಅವರು ನಕ್ಕು, ಒಂದು ಸ್ಟೂಲ್ ಹಾಕಿ, "ಕೂತ್ಕೊಂಡು ನೋಡಿ ಹಜ್ರತ್" ಅಂದರು. ಒಂದು ಮಧ್ಯಾಹ್ನವಿಡೀ ಕುಳಿತು ನೋಡಿದೆ. ನಮ್ಮವರಲ್ಲಿ ಹೆಚ್ಚಿನವರು ವರ್ಷಕ್ಕೆ ನಾಲ್ಕಾರು ಸಲ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಈ ಘಾಟಿ ಇಳಿಯುವವರಾದ್ದರಿಂದ ಅಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ಯಾರೇಜಿನಲ್ಲಿ ಇದನ್ನು ಈಗಲೂ ಫ್ಯಾನ್ ಬೆಲ್ಟ್ ಅನ್ನುತ್ತಾರೆ. ಅಂಬಾಸಿಡರ್ ಕಾಲದ ಹೆಸರು ಅದು. ಆಗ ಫ್ಯಾನ್, ಡೈನಮೊ, ನೀರಿನ ಪಂಪು ಇಷ್ಟನ್ನು ತಿರುಗಿಸಲು ಒಂದು ಸಣ್ಣ ವಿ ಆಕಾರದ ಬೆಲ್ಟ್ ಇರುತ್ತಿತ್ತು. ಎ.ಸಿ., ಪವರ್ ಸ್ಟೇರಿಂಗ್ ಬಂದ ಹಾಗೆ ಒಂದೊಂದಕ್ಕೂ ಒಂದೊಂದು ಬೆಲ್ಟ್ ಸೇರಿಕೊಂಡಿತು. ಎಲ್ಲದಕ್ಕೂ ಸೇರಿ ಒಂದೇ ಉದ್ದನೆಯ ಚಪ್ಪಟೆ ಬೆಲ್ಟ್ ಹಾಕುವ ಕ್ರಮ ಬಂದದ್ದು 1979ರ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ. ಪುಲ್ಲಿಯಿಂದ ಪುಲ್ಲಿಗೆ ಹಾವಿನ ಹಾಗೆ ಬಳಸಿಕೊಂಡು ಹೋಗುವುದರಿಂದ ಸರ್ಪೆಂಟೈನ್ ಬೆಲ್ಟ್ ಎಂಬ ಹೆಸರು. ಒಳಮೈಯಲ್ಲಿ ಉದ್ದಕ್ಕೂ ಗೆರೆಗಳು, ಹೊರಮೈ ನುಣುಪು. ಗೆರೆ ಇರುವ ಮೈ ಕೆಲವು ಪುಲ್ಲಿಗಳನ್ನು ತಿರುಗಿಸಿದರೆ ನುಣುಪಾದ ಬೆನ್ನು ಬೇರೆ ಕೆಲವನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ.

ನಮ್ಮ ಗಾಡಿಯಲ್ಲಿ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯಿಂದ ಹೊರಟ ಈ ಒಂದೇ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಪವರ್ ಸ್ಟೇರಿಂಗ್ ಪಂಪ್, ಎ.ಸಿ. ಕಂಪ್ರೆಸರ್, ನೀರಿನ ಪಂಪ್, ಫ್ಯಾನ್ ಎಲ್ಲವನ್ನೂ ನಡೆಸುತ್ತದೆ. ಹರಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಇವುಗಳಲ್ಲಿ ಎಲ್ಲಕ್ಕಿಂತ ಬೇಗ ಪೆಟ್ಟು ಕೊಡುವುದು ನೀರಿನ ಪಂಪ್ ನಿಂತದ್ದು. ಕೂಲೆಂಟ್ ಓಡಾಡದಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗಬಹುದು, ಹೆಡ್ ಸೊಟ್ಟಗಾಗಬಹುದು. ಆಮೇಲಿನ ಖರ್ಚು ಬೆಲ್ಟಿನ ಲೆಕ್ಕದ್ದಲ್ಲ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅಂಥ ಗಾಡಿಯಲ್ಲಿ ಬೆಲ್ಟ್ ಹರಿದರೆ ಎಂಜಿನ್ ಓಡುತ್ತಿದ್ದರೂ ಸ್ವಲ್ಪ ಹೊತ್ತಿನಲ್ಲೇ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಎಂಜಿನ್ ಆಫ್ ಮಾಡಿ ಇಳಿದರೆ ಯಾವ ಗಾಡಿಯಲ್ಲಾದರೂ ಹಾಗೆಯೇ. ಲಾರಿಯ ಡ್ರೈವರ್ ಹೇಳಿದ ಮಾತು ನನಗೆ ಅರ್ಥವಾದದ್ದು ಸ್ಟೂಲಿನ ಮೇಲೆ ಕುಳಿತಾಗ.

ಎಲ್ಲ ಗಾಡಿಯೂ ಹೀಗೆ ಅಲ್ಲ. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಸ್ಟೇರಿಂಗ್ ಕರೆಂಟಿನದ್ದು, ಫ್ಯಾನ್ ಕರೆಂಟಿನದ್ದು. ಕೆಲವದರಲ್ಲಿ ನೀರಿನ ಪಂಪ್ ಬೇರೆ ಕಡೆ ಇರುತ್ತದೆ. ನಿಮ್ಮ ಗಾಡಿಯಲ್ಲಿ ಈ ಬೆಲ್ಟಿಗೆ ಯಾವುದೆಲ್ಲ ಸೇರಿದೆ ಎಂದು ಮೆಕ್ಯಾನಿಕ್ ಹತ್ತಿರ ಒಮ್ಮೆ ಕೇಳಿ ಇಟ್ಟುಕೊಳ್ಳಿ. ಹಾಗೆಯೇ ಟೈಮಿಂಗ್ ಬೆಲ್ಟ್ ಎಂಬುದು ಬೇರೆ, ಅದು ಕವರಿನ ಒಳಗೆ ಇರುವಂಥದ್ದು. ನಮ್ಮಲ್ಲಿ ಎಷ್ಟೋ ಜನ "ಬೆಲ್ಟ್ ಹೋದ ವರ್ಷ ಹಾಕ್ಸಿದೆ" ಎನ್ನುವಾಗ ಯಾವ ಬೆಲ್ಟ್ ಎಂದು ಅವರಿಗೇ ಗೊತ್ತಿರುವುದಿಲ್ಲ.

ಕಿರುಚುವುದು ಯಾರು?

ಮೆಕ್ಯಾನಿಕ್ ಮೊದಲು ಎಂಜಿನ್ ಓಡಿಸಿ ಟೆನ್ಷನರ್ ತೋರಿಸಿದರು. ಟೆನ್ಷನರ್ ಎಂದರೆ ಒಳಗೆ ಸ್ಪ್ರಿಂಗ್ ಇರುವ ಒಂದು ಕೈ, ಅದರ ತುದಿಯಲ್ಲಿ ಒಂದು ಪುಲ್ಲಿ. ಬೆಲ್ಟನ್ನು ಸದಾ ಬಿಗಿಯಾಗಿ ಒತ್ತಿ ಹಿಡಿಯುವುದು ಅದರ ಕೆಲಸ. ಎಂಜಿನ್ ಐಡಲ್‌ನಲ್ಲಿ ಇರುವಾಗ ಆ ಕೈ ಹೆಚ್ಚುಕಡಿಮೆ ಅಲುಗಾಡದೆ ಇರಬೇಕು. ನಮ್ಮದು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಐಡ್ಲರ್ ಎಂದರೆ ಬೆಲ್ಟಿಗೆ ದಾರಿ ತೋರಿಸಲಿಕ್ಕಷ್ಟೇ ಇರುವ ಪುಲ್ಲಿ. ಎರಡರ ಒಳಗೂ ಸೀಲ್ ಮಾಡಿದ ಬೇರಿಂಗ್ ಇರುತ್ತದೆ. ಗ್ರೀಸ್ ಒಣಗಿದರೆ ಹೊರಗಿನಿಂದ ಎಣ್ಣೆ ಹಾಕಿ ಸರಿ ಮಾಡಲು ಬರುವುದಿಲ್ಲ. ಬೆಲ್ಟ್ ತೆಗೆದ ಮೇಲೆ ಬೆರಳಿನಿಂದ ತಿರುಗಿಸಿ ನೋಡಬೇಕು. ಒಳ್ಳೆಯದಾದರೆ ಸದ್ದಿಲ್ಲದೆ ಮೆತ್ತಗೆ ತಿರುಗಿ ಬೇಗ ನಿಲ್ಲುತ್ತದೆ. ಗರಗರ ಅಂದರೆ, ಅಡ್ಡಡ್ಡ ಆಡಿದರೆ, ಅಥವಾ ಆಟದ ಬುಗುರಿಯ ಹಾಗೆ ತಿರುಗುತ್ತಲೇ ಇದ್ದರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ. ಇದನ್ನು ಅವರು ಮೂರು ತಿಂಗಳ ಹಿಂದೆ ಬರೀ ಕಿವಿಯಿಂದಲೇ ಹೇಳಿದ್ದರು.

ಸದ್ದು ಎಲ್ಲಿಂದ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಉಂಟು. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೆರೆ ಇರುವ ಮೈಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿದರು. ಚಿಕ್ ಚಿಕ್ ಎನ್ನುವ ಸದ್ದು ಒಂದು ಕ್ಷಣ ಮಾಯವಾಗಿ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದು ಅರ್ಥ. ನೀರು ಬಿದ್ದ ಕೂಡಲೇ ಕಿರುಚಾಟ ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ನಮ್ಮದು ಎರಡನೆಯದ್ದು. ಈ ಪರೀಕ್ಷೆಯನ್ನು ನನ್ನಂಥವರು ಜುಬ್ಬಾ ಹಾಕಿಕೊಂಡು ಮಾಡುವುದು ಬೇಡ. ಉದ್ದ ತೋಳು, ಶಾಲು, ದುಪಟ್ಟಾ ಯಾವುದೂ ತಿರುಗುವ ಬೆಲ್ಟಿನ ಹತ್ತಿರ ಹೋಗಬಾರದು. ನಾನು ಬಗ್ಗಿದ್ದಕ್ಕೆ ಅಲ್ಲಿನ ಹುಡುಗನೊಬ್ಬ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಸದ್ದು ನಿಲ್ಲಲಿ ಎಂದು ಸೋಪು, ಪೌಡರ್, ಎಣ್ಣೆ ಹಚ್ಚುವವರಿದ್ದಾರೆ. ಅದರಿಂದ ಸದ್ದು ನಾಲ್ಕು ದಿನ ಅಡಗುತ್ತದೆ, ರೋಗ ಅಲ್ಲಿಯೇ ಉಳಿಯುತ್ತದೆ.

ಬೆಲ್ಟಿನಲ್ಲಿ ಬಿರುಕು ಇಲ್ಲ, ಚೆನ್ನಾಗಿದೆ ಎಂದು ನಾವು ಹೇಳುವುದೂ ಹಳೆಯ ಲೆಕ್ಕ. ಹಿಂದೆ ನಿಯೋಪ್ರೀನ್ ರಬ್ಬರಿನ ಬೆಲ್ಟ್‌ಗಳು ಹಳತಾದ ಹಾಗೆ ಅಡ್ಡ ಬಿರುಕು ಬಿಡುತ್ತಿದ್ದವು. ಈಗಿನವು ಇಪಿಡಿಎಂ ಎಂಬ ರಬ್ಬರಿನವು. ಅವು ಬಿರುಕು ಬಿಡುವುದು ಕಡಿಮೆ, ಟಯರಿನ ಹಾಗೆ ಸವೆಯುತ್ತವೆ. ಗೆರೆಗಳ ನಡುವಿನ ತಗ್ಗು ಅಗಲವಾಗುತ್ತಾ, ಆಳವಾಗುತ್ತಾ ಹೋಗುತ್ತದೆ. ಕಡೆಗೆ ಪುಲ್ಲಿಯ ಹಲ್ಲು ಬೆಲ್ಟಿನ ತಳಕ್ಕೆ ತಾಗಿ, ಬದಿಗಳಲ್ಲಿ ಹಿಡಿತ ಇಲ್ಲದೆ ಜಾರುತ್ತದೆ. ಕಣ್ಣಿಗೆ ಬೆಲ್ಟ್ ಹೊಸದರ ಹಾಗೆಯೇ ಕಾಣಬಹುದು.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ಕೇಳಿದೆ. ಇಂಥ ಬೆಲ್ಟ್ 1 ಲಕ್ಷ ಕಿ.ಮೀ. ದಾಟಿ ಬಾಳುವುದುಂಟು, ಆದರೆ ಬೆಂಗಳೂರಿನಲ್ಲಿ ಮೀಟರ್ ನೋಡಿ ಪ್ರಯೋಜನವಿಲ್ಲ ಎಂದರು. ಮನೆಗೆ ಬಂದು ಮಕ್ಕಳಿಗೆ ಲೆಕ್ಕ ಹಾಕಿಸಿದೆ. ಗಾಡಿ ನಿಂತಿರುವಾಗಲೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಒಂದು ಗಂಟೆ ನಿಂತರೆ 48,000 ಸುತ್ತು. ಹೈವೇಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 2,000 ಸುತ್ತು ಎಂದಿಟ್ಟುಕೊಂಡರೆ ಒಂದು ಕಿಲೋಮೀಟರಿಗೆ 1,500 ಸುತ್ತು ಬೀಳುತ್ತದೆ. ಅಂದರೆ ನಿಂತಲ್ಲೇ ಕಳೆದ ಆ ಒಂದು ಗಂಟೆ ಬೆಲ್ಟಿನ ಪಾಲಿಗೆ 32 ಕಿ.ಮೀ. ಓಟ, ಅದೂ ಎ.ಸಿ. ಭಾರದೊಂದಿಗೆ. ಮೀಟರಿನಲ್ಲಿ ಮಾತ್ರ ಸೊನ್ನೆ. ಇದರ ಮೇಲೆ ನಮ್ಮ ಕಡೆಯ ಧೂಳು. ಮಳೆಗಾಲದಲ್ಲಿ ಹೊರಮಾವಿನ ಸಾಯಿ ಲೇಔಟ್ ಸುತ್ತ ನಿಲ್ಲುವ ಕೆಸರು ನೀರಿನಲ್ಲಿ ಗಾಡಿ ಬಿಟ್ಟವರ ಬೆಲ್ಟಿನ ಗೆರೆಯಲ್ಲಿ ಮರಳು ಕುಳಿತಿರುತ್ತದೆ.

ಕೆಲಸ ನಡೆದ ಬಗೆ

ಎಂಜಿನ್ ತಣ್ಣಗಾಗಲು ಬಿಟ್ಟು ಬ್ಯಾಟರಿಯ ನೆಗೆಟಿವ್ ಕಳಚಿದರು. ಆಮೇಲೆ ಮೊಬೈಲಿನಲ್ಲಿ ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆದರು. ಇಷ್ಟು ವರ್ಷದ ಅನುಭವ ಇರುವವರಿಗೆ ಫೋಟೋ ಯಾಕೆ ಎಂದು ಕೇಳಿದ್ದಕ್ಕೆ, ದಾರಿ ತಪ್ಪಿ ಹಾಕಿದರೆ ನೀರಿನ ಪಂಪ್ ಉಲ್ಟಾ ತಿರುಗಬಹುದು, ಹೊರಗೆ ಎಲ್ಲ ಸರಿಯಾಗಿ ಕಾಣುತ್ತದೆ, ಎಂಜಿನ್ ಮಾತ್ರ ಕಾಯುತ್ತದೆ ಅಂದರು. ಕೆಲವು ಗಾಡಿಗಳ ಬಾನೆಟ್ ಅಡಿಯಲ್ಲಿ ಇದರ ಚಿತ್ರ ಅಂಟಿಸಿರುತ್ತದೆ. ನಮ್ಮದರಲ್ಲಿ ಅದು ಎಂದೋ ಹರಿದುಹೋಗಿದೆ.

ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಟೆನ್ಷನರಿನ ಕೈಯನ್ನು ಸ್ಪ್ರಿಂಗಿಗೆ ವಿರುದ್ಧ ತಿರುಗಿಸಿದಾಗ ಬೆಲ್ಟ್ ಸಡಿಲವಾಯಿತು. ಮೇಲಿನ ನುಣುಪು ಪುಲ್ಲಿಯಿಂದ ಅದನ್ನು ಜಾರಿಸಿ ತೆಗೆದರು. ಟೆನ್ಷನರ್ ಇಲ್ಲದೆ ಆಲ್ಟರ್ನೇಟರಿನ ಬೋಲ್ಟಿನಿಂದಲೇ ಬಿಗಿ ಮಾಡುವ ಗಾಡಿಗಳೂ ಇವೆ. ಎಳೆದು ಕೂರಿಸುವ ಸ್ಟ್ರೆಚ್ ಬೆಲ್ಟಿನ ಗಾಡಿಗಳೂ ಇವೆ. ಅದಕ್ಕೆ ಬೇರೆ ಟೂಲ್ ಬೇಕು, ಸ್ಕ್ರೂಡ್ರೈವರಿನಿಂದ ಎಬ್ಬಿದರೆ ಹೊಸ ಬೆಲ್ಟಿನ ಒಳಗಿನ ನೂಲು ತುಂಡಾಗುತ್ತದೆ. ಜಾಗ ಇಕ್ಕಟ್ಟಾದ ಕಾರುಗಳಲ್ಲಿ ಮುಂದಿನ ಚಕ್ರ ಕಳಚಿ ಬದಿಯಿಂದ ಕೈ ಹಾಕಬೇಕಾಗುತ್ತದೆ. ಮನೆಯಲ್ಲೇ ಮಾಡುತ್ತೇವೆ ಎಂದು ಹೊರಡುವ ಹುಡುಗರಿಗೆ ಒಂದೇ ಮಾತು, ಬರೀ ಜಾಕಿಯ ಮೇಲೆ, ಇಟ್ಟಿಗೆಯ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬೇಡಿ.

ನಾನು ಕಾಣದೇ ಇದ್ದ ರೋಗ ಒಂದು ಆಮೇಲೆ ಸಿಕ್ಕಿತು. ಆಲ್ಟರ್ನೇಟರಿನ ಪುಲ್ಲಿ. ಡೀಸೆಲ್ ಎಂಜಿನ್ ಪ್ರತಿ ಸಿಡಿತಕ್ಕೆ ಒಮ್ಮೆ ರಭಸವಾಗಿ, ಒಮ್ಮೆ ನಿಧಾನವಾಗಿ ತಿರುಗುತ್ತದೆ. ಆಲ್ಟರ್ನೇಟರಿನ ಒಳಗಿನ ಭಾರದ ಗಾಲಿ ಹಾಗೆ ಕೂಡಲೇ ನಿಧಾನ ಆಗಲಾರದು. ಅದಕ್ಕಾಗಿ ಅನೇಕ ಡೀಸೆಲ್ ಗಾಡಿಗಳಲ್ಲಿ ಸೈಕಲಿನ ಫ್ರೀವೀಲ್ ಇದ್ದ ಹಾಗೆ ಒಂದು ಕಡೆಗೆ ಹಿಡಿದು ಇನ್ನೊಂದು ಕಡೆಗೆ ಸಡಿಲ ಬಿಡುವ ಪುಲ್ಲಿ ಇರುತ್ತದೆ. ನಮ್ಮದರಲ್ಲಿ ಅದು ಎರಡೂ ಕಡೆಗೆ ಹಿಡಿದುಕೊಂಡಿತ್ತು. ಆ ಎಳೆದಾಟವೆಲ್ಲ ಬೆಲ್ಟಿಗೆ, ಬೆಲ್ಟಿನಿಂದ ಟೆನ್ಷನರಿಗೆ. ಟೆನ್ಷನರ್ ನಡುಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ಇದನ್ನು ಬಿಟ್ಟು ಉಳಿದದ್ದು ಹಾಕಿದ್ದರೆ ಹೊಸ ಟೆನ್ಷನರ್ ಕೂಡ ಬೇಗನೆ ಅದೇ ಗತಿ ಕಾಣುತ್ತಿತ್ತು. "ಹೋದ್ಸಲ ಬಿಚ್ಚೋಕೆ ಬಿಟ್ಟಿದ್ರೆ ಆಗ್ಲೇ ಸಿಗ್ತಿತ್ತು" ಅಂದರು. ನಾನು ಸುಮ್ಮನೆ ಕುಳಿತೆ.

ಸಾಮಾನು ತರಲು ಜೆ.ಸಿ. ರೋಡಿಗೆ ನಾನೇ ಹೋದೆ. ಹಳೆಯ ಬೆಲ್ಟಿನ ಬೆನ್ನ ಮೇಲಿನ ನಂಬರ್ ಬರೆದುಕೊಂಡು ಹೋಗಬೇಕು, ಗಾಡಿಯ ಹೆಸರು ಹೇಳಿದರೆ ಸಾಲದು. ಉದಾಹರಣೆಗೆ 6ಪಿಕೆ1070 ಎಂದಿದ್ದರೆ ಆರು ಗೆರೆ, ಪಿಕೆ ಎಂಬ ಅಳತೆಯ ಗೆರೆ, ಉದ್ದ 1,070 ಮಿಲಿಮೀಟರ್. ನಮ್ಮ ಗಾಡಿಯಲ್ಲಿ ಆಗ ಇದ್ದದ್ದು ಉಪ್ಪಿನಂಗಡಿಯ ತಾತ್ಕಾಲಿಕ ಬೆಲ್ಟ್ ಆದ್ದರಿಂದ ಅದರ ನಂಬರ್ ತೆಗೆದುಕೊಂಡು ಹೋಗಿದ್ದರೆ ಅದೇ ತಪ್ಪು ಮತ್ತೆ ಆಗುತ್ತಿತ್ತು. ಪುಣ್ಯಕ್ಕೆ ಹಳೆಯ ಬಿಲ್ ಮೆಕ್ಯಾನಿಕ್ ಹತ್ತಿರ ಇತ್ತು. ಪೆಟ್ಟಿಗೆ ಬ್ರ್ಯಾಂಡಿನದ್ದು, ಒಳಗೆ ಬೇರೆಯದ್ದು ಎನ್ನುವ ವ್ಯಾಪಾರವೂ ಉಂಟಂತೆ. ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ, ಪೆಟ್ಟಿಗೆ ಬಿಚ್ಚಿ ಬೆಲ್ಟಿನ ಮೇಲಿನ ಹೆಸರು ಮತ್ತು ನಂಬರನ್ನು ಪೆಟ್ಟಿಗೆಯದ್ದರ ಜೊತೆ ತಾಳೆ ನೋಡಿ. ಗುಜರಿಯಲ್ಲಿ ಬಾಗಿಲು, ಕನ್ನಡಿ, ಲೈಟ್ ಕೊಳ್ಳಬಹುದು. ಬೇರಿಂಗ್ ಇರುವ ಸಾಮಾನನ್ನು ಅಲ್ಲಿಂದ ತರಬೇಡಿ.

ಹೊಸದು ಕೂರಿಸುವ ಮೊದಲು ಎಲ್ಲ ಪುಲ್ಲಿಗಳ ತಗ್ಗನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಅಂಟಿದ ರಬ್ಬರ್ ತೆಗೆದರು. ಎಲ್ಲಿಂದಾದರೂ ಎಣ್ಣೆಯೋ ಕೂಲೆಂಟೋ ಬೆಲ್ಟಿನ ಮೇಲೆ ತೊಟ್ಟಿಕ್ಕುತ್ತಿದೆಯಾ ಎಂದು ಟಾರ್ಚ್ ಹಾಕಿ ನೋಡಿದರು. ಬೆಲ್ಟ್ ಹಾಕಿದ ಮೇಲೆ ಪ್ರತಿ ಪುಲ್ಲಿಯ ಮೇಲೂ ಬೆರಳಾಡಿಸಿ ಗೆರೆ ಸರಿಯಾಗಿ ಕುಳಿತಿದೆಯೇ ಎಂದು ಎಣಿಸಿದರು. ಒಂದೇ ಒಂದು ಗೆರೆ ಆಚೆ ಉಳಿದರೂ ಬೆಲ್ಟಿನ ಅಂಚು ಸೀಳಲು ಶುರುವಾಗುತ್ತದೆ. ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿದರು. ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದಾಗ ಟೆನ್ಷನರಿನ ಕೈ ಅಲುಗಾಡಲಿಲ್ಲ.

ಈ ಸಲ ಒಟ್ಟು ಬಿಲ್ 11,400 ಆಯಿತು, ಆಲ್ಟರ್ನೇಟರ್ ಪುಲ್ಲಿ ಸೇರಿ. ಹಳೆಯ ಬೆಲ್ಟ್ ಬಿಚ್ಚಿ ಹಾಕಿದ ಕೂಲಿಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಒತ್ತಾಯ ಮಾಡಿದ್ದಕ್ಕೆ, "ಅಮ್ಮಾಜಾನ್ ಹೆಂಗಿದ್ದಾರೆ ಹೇಳಿ" ಎಂದು ಮಾತು ತಿರುಗಿಸಿದರು.

ಊರಿಗೆ ಹೊರಡುವ ವಾರ ಇದ್ದರೆ ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ರೇಡಿಯೋ ಬಂದ್ ಮಾಡಿ ಕೇಳಿ. ಎ.ಸಿ. ಹಾಕಿದ ಕ್ಷಣ, ಸ್ಟೇರಿಂಗ್ ಪೂರ್ತಿ ತಿರುಗಿಸಿದ ಕ್ಷಣ ಕಿರುಚುತ್ತದೆಯೇ ನೋಡಿ. ದಾರಿಯಲ್ಲಿ ಬ್ಯಾಟರಿ ಲೈಟ್ ಹೊತ್ತಿ, ಜೊತೆಗೆ ಸ್ಟೇರಿಂಗ್ ಗಟ್ಟಿಯಾದರೆ ಅಥವಾ ಟೆಂಪರೇಚರ್ ಏರಿದರೆ ಮುಂದಿನ ಊರಿನ ತನಕ ಹೋಗುವ ಯೋಚನೆ ಬೇಡ, ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ. ನಮ್ಮ ಗಾಡಿಯ ಡಿಕ್ಕಿಯಲ್ಲಿ ಈಗ ಸರಿಯಾದ ಅಳತೆಯ ಇನ್ನೊಂದು ಬೆಲ್ಟ್ ಪೆಟ್ಟಿಗೆ ಸಮೇತ ಇದೆ. ಅದರ ಮೇಲೆ ಬೆಲ್ಟ್ ಹೋಗುವ ದಾರಿಯ ಚಿತ್ರವನ್ನು ಮಗಳು ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ್ದಾಳೆ, ನೀರಿನ ಪಂಪಿಗೆ ನೀಲಿ ಬಣ್ಣ ಹಾಕಿ.